ಸ್ಟ್ರಾಟಕ್ಸ್ ರಿಪೇರಿ: ಒಂದೇ ತೊಂದರೆ ಅಂದುಕೊಂಡಿದ್ದು ಹಲವಾಗಿತ್ತು

ಸುತ್ತ ಹಾರುವ ವಿಮಾನಗಳನ್ನು ಟ್ಯಾಬ್ಲೆಟ್‌ನಲ್ಲಿ ತೋರಿಸುವ ನನ್ನ ಸ್ಟ್ರಾಟಕ್ಸ್ ಪೆಟ್ಟಿಗೆ ಮೂರು ವಾರದಿಂದ ಕಾಡುತ್ತಿತ್ತು, ಕಡೆಗೂ ಸರಿಯಾಗಿದೆ. ಇಂಥದೇ ಪೆಟ್ಟಿಗೆ ಕಟ್ಟಿಕೊಂಡು ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡವರು ಇನ್ನೂ ಇರುತ್ತಾರೆ. ಅವರಿಗೆ ಉಪಯೋಗವಾಗಲಿ ಅಂತ ಮಾಡಿದ್ದನ್ನೆಲ್ಲ ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ತಪ್ಪು ಮಾಡಿದ್ದನ್ನೂ ಬಿಟ್ಟಿಲ್ಲ. ಸಮಯ ಜಾಸ್ತಿ ಹೋಗಿದ್ದು ಅಲ್ಲೇ.

ಪೆಟ್ಟಿಗೆಯಲ್ಲಿ ಏನಿದೆ

ರಾಸ್ಪ್‌ಬೆರಿ ಪೈ 3ಬಿ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡು, ಅದರಲ್ಲಿ ಸ್ಟ್ರಾಟಕ್ಸ್ ಸಾಫ್ಟ್‌ವೇರ್. 1090 ಮೆಗಾಹರ್ಟ್ಜ್ ಕೇಳಿಸಿಕೊಳ್ಳಲು ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್, ಅಂದರೆ ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ರಿಸೀವರ್. ಯುಎಸ್‌ಬಿ ಜಿಪಿಎಸ್ ಒಂದು, ಚಿಕ್ಕ ಫ್ಯಾನ್ ಒಂದು. ಕರೆಂಟಿಗೆ 10,000 ಎಂಎಎಚ್ ಪವರ್ ಬ್ಯಾಂಕ್.

ಕೆಲಸ ಇಷ್ಟೇ. ಸುತ್ತಮುತ್ತ ಹಾರುವ ವಿಮಾನಗಳು ತಾವಿರುವ ಜಾಗವನ್ನು 1090ರಲ್ಲಿ ಹೇಳುತ್ತಿರುತ್ತವೆ. ಪೆಟ್ಟಿಗೆ ಅದನ್ನು ಹಿಡಿದು, ತನ್ನದೇ ವೈಫೈ ಮೂಲಕ ಟ್ಯಾಬ್ಲೆಟ್‌ಗೆ ಕಳಿಸುತ್ತದೆ. ಟ್ಯಾಬ್ಲೆಟ್‌ನ ನಕ್ಷೆಯ ಮೇಲೆ ಆ ವಿಮಾನಗಳು ಕಾಣುತ್ತವೆ. ಅಧಿಕೃತ ಉಪಕರಣ ಅಲ್ಲ. ಕಣ್ಣಿಗೆ ಸಹಾಯ, ಅಷ್ಟೇ. ಆದರೆ ಆ ಸಹಾಯಕ್ಕೆ ಒಮ್ಮೆ ಒಗ್ಗಿಕೊಂಡ ಮೇಲೆ, ಅದು ಮಧ್ಯದಲ್ಲಿ ಸುಮ್ಮನಾದರೆ ನಿಜಕ್ಕೂ ಅಪಾಯ. ಖಾಲಿ ನಕ್ಷೆ ನೋಡಿ ಆಕಾಶವೂ ಖಾಲಿ ಅಂದುಕೊಳ್ಳುವುದು ತುಂಬಾ ಸುಲಭ. ಇದನ್ನು ಅರ್ಧಂಬರ್ಧ ಬಿಡಲು ಮನಸ್ಸಾಗದೆ ಇದ್ದದ್ದು ಅದಕ್ಕೇ.

ಬಳಸಿದ ಸಾಮಾನು: ಮಲ್ಟಿಮೀಟರ್, ಯುಎಸ್‌ಬಿ ಮೀಟರ್, ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್, ಸ್ಕ್ರೂಡ್ರೈವರ್, ವೆಲ್ಕ್ರೋ ಪಟ್ಟಿ.

ದಿನ 1: ತೊಂದರೆ ಶುರು

ಗೆಳೆಯನ ಎರಡು ಸೀಟಿನ ವಿಮಾನ. ನಾನು ಬಲಗಡೆ ಸೀಟಿನಲ್ಲಿ, ಪೆಟ್ಟಿಗೆ ಮುಂದೆ ಗಾಜಿನ ಕೆಳಗೆ. ಹಾರಿ ಸುಮಾರು 25 ನಿಮಿಷಕ್ಕೆ ಟ್ಯಾಬ್ಲೆಟ್‌ನಲ್ಲಿ ವಿಮಾನಗಳೆಲ್ಲ ಮಾಯ. ಒಂದೆರಡು ನಿಮಿಷ ಬಿಟ್ಟು ವಾಪಸ್ ಬಂದವು. ಸ್ವಲ್ಪ ಹೊತ್ತಿಗೆ ಗೆಳೆಯ ಮತ್ತೆ ಅಂದ, "ಲೋ, ಮತ್ತೆ ಹೋಯ್ತು ನೋಡು." ಒಂದೂವರೆ ಗಂಟೆಯಲ್ಲಿ ನಾಲ್ಕು ಸಲ ಹೀಗಾಯಿತು.

ಇಳಿದ ಮೇಲೆ ಪುಸ್ತಕದಲ್ಲಿ ಬರೆದುಕೊಂಡಿದ್ದು: "ವೈಫೈ ಪದೇ ಪದೇ ಕಟ್ ಆಗುತ್ತಿದೆ." ಮೊದಲ ತಪ್ಪು ಇದೇ ಸಾಲು. ನಾನು ಕಂಡಿದ್ದು ಟ್ಯಾಬ್ಲೆಟ್‌ನಲ್ಲಿ ವಿಮಾನ ಕಾಣದೆ ಹೋಗಿದ್ದು, ಅಷ್ಟೇ. ವೈಫೈ ಕಟ್ ಆಗಿದ್ದನ್ನು ನಾನು ನೋಡಿರಲಿಲ್ಲ, ಊಹೆ ಮಾಡಿದ್ದೆ. ಊಹೆಯನ್ನು ಕಂಡ ವಿಷಯದಂತೆ ಬರೆದುಕೊಂಡೆ. ಮುಂದಿನ ಐದು ದಿನ ಆ ಸಾಲಿನ ಹಿಂದೆಯೇ ಓಡಿದೆ.

ದಿನ 2ರಿಂದ 5: ವೈಫೈ ಹಿಂದೆ ಬಿದ್ದಿದ್ದು

ಮಾಡಿದ್ದೆಲ್ಲ ಬೇಗ ಬೇಗ ಹೇಳುತ್ತೇನೆ, ಯಾವುದೂ ಕೆಲಸಕ್ಕೆ ಬರಲಿಲ್ಲ.

ಚಾನೆಲ್ ಬದಲಿಸಿದೆ. 3ಬಿ ಬೋರ್ಡಿನಲ್ಲಿ 2.4 ಗಿಗಾಹರ್ಟ್ಜ್ ಮಾತ್ರ ಇದೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11. ಮೂರನ್ನೂ ನೋಡಿದೆ. ವ್ಯತ್ಯಾಸ ಇಲ್ಲ.

ವೈಫೈನ ಪವರ್ ಸೇವ್ ಆಫ್ ಮಾಡಿದೆ. ವ್ಯತ್ಯಾಸ ಇಲ್ಲ.

ಎಸ್‌ಡಿ ಕಾರ್ಡ್ ಕೆಟ್ಟಿರಬಹುದು ಅಂತ ಹೊಸ ಕಾರ್ಡ್ ತಂದು ಸಾಫ್ಟ್‌ವೇರ್ ಮತ್ತೆ ಹಾಕಿದೆ. ಎರಡು ಸಲ. ವ್ಯತ್ಯಾಸ ಇಲ್ಲ. ಸ್ಟ್ರಾಟಕ್ಸ್ ಓಡುವಾಗ ಕಾರ್ಡಿನ ಮೇಲೆ ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಎಲ್ಲ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಥಟ್ಟನೆ ಕರೆಂಟು ತೆಗೆದರೂ ಕಾರ್ಡ್ ಹಾಳಾಗುವುದು ಕಡಿಮೆ. ಕಾರ್ಡಿಗೆ ಹಾಕಿದ ದುಡ್ಡು ವ್ಯರ್ಥವಾಯಿತು.

ಆಮೇಲೆ ಬೋರ್ಡಿನೊಳಗಿನ ವೈಫೈ ಬಂದ್ ಮಾಡಿ, ಉದ್ದ ಆಂಟೆನಾ ಇರುವ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದೆ. ಮೇಜಿನ ಮೇಲೆ ಆನ್ ಮಾಡಿ ಬಿಟ್ಟೆ. 25 ನಿಮಿಷಕ್ಕೆ ಹೋಗುತ್ತಿದ್ದದ್ದು ಈಗ 10 ನಿಮಿಷಕ್ಕೇ ಹೋಯಿತು. ಸುಳಿವು ಅಲ್ಲೇ ಇತ್ತು. ಸಿಗ್ನಲ್ ಚೆನ್ನಾಗಿರುವ ಡಾಂಗಲ್ ಹಾಕಿದಾಗ ತೊಂದರೆ ಜಾಸ್ತಿ ಆಯಿತು ಅಂದರೆ, ತೊಂದರೆ ಸಿಗ್ನಲ್‌ನದ್ದಲ್ಲ. ನಾನು ಮಾತ್ರ ಡಾಂಗಲ್ ಕಳಪೆ ಅಂದುಕೊಂಡು ತೆಗೆದಿಟ್ಟೆ.

ದಿನ 6: ಕೆಂಪು ದೀಪ

ಕಾರ್ಡ್ ಇನ್ನೊಮ್ಮೆ ತೆಗೆಯೋಣ ಅಂತ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ್ದೆ. ಕರೆಂಟು ಇನ್ನೂ ಇತ್ತು. ಕಾರ್ಡಿನ ಪಕ್ಕದಲ್ಲಿ ಎರಡು ಚಿಕ್ಕ ದೀಪ ಇರುತ್ತವೆ, ಹಸಿರು ಒಂದು, ಕೆಂಪು ಒಂದು. ಹಸಿರು ಮಿನುಗುತ್ತಿತ್ತು, ಅದು ಸಹಜ. ಕೆಂಪು ದೀಪ ಒಂದು ಕ್ಷಣ ಆರಿತು. ಹತ್ತಿತು. ಕೈ ಹಿಂದೆ ತೆಗೆದು ಸುಮ್ನೆ ನೋಡುತ್ತಾ ಕೂತೆ. ನಾಲ್ಕೈದು ಸೆಕೆಂಡಿಗೊಮ್ಮೆ ಆರುತ್ತಿತ್ತು. 1090ರ ಡಾಂಗಲ್ ಕಿತ್ತೆ. ದೀಪ ನೆಟ್ಟಗೆ ಉರಿಯಿತು. ಡಾಂಗಲ್ ಚುಚ್ಚಿದೆ. ಮತ್ತೆ ಮಿಟುಕಿತು.

3ಬಿ ಬೋರ್ಡಿನಲ್ಲಿ ಈ ಕೆಂಪು ದೀಪ ಆನ್ ಆಗಿದೆ ಅಂತ ಹೇಳುವುದಕ್ಕೆ ಮಾತ್ರ ಇಲ್ಲ. ಬೋರ್ಡಿಗೆ ಬರುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಬಿದ್ದರೆ ಅದು ಆರುತ್ತದೆ. ನನ್ನ ಪೆಟ್ಟಿಗೆಯ ಮುಚ್ಚಳ ಕಪ್ಪು ಪ್ಲಾಸ್ಟಿಕ್. ಅಷ್ಟು ದಿನ ದೀಪ ಹೇಳುತ್ತಿದ್ದದ್ದು ನನಗೆ ಕಾಣುತ್ತಲೇ ಇರಲಿಲ್ಲ.

ದಿನ 7: ಅಳತೆ, ಮತ್ತು ಅಳತೆಯಲ್ಲಿ ತಪ್ಪು

ಮಲ್ಟಿಮೀಟರ್ ತೆಗೆದು ಬೋರ್ಡಿನ ಹೆಡರ್ ಪಿನ್ ಮೇಲೆ ಹಿಡಿದೆ. 2ನೇ ಪಿನ್ 5 ವೋಲ್ಟ್, 6ನೇ ಪಿನ್ ಗ್ರೌಂಡ್. 4.79 ಬಂತು. 4.63ಕ್ಕಿಂತ ಮೇಲಿದೆ ಅಲ್ವಾ, ಹಾಗಾದರೆ ಸರಿಯಾಗಿದೆ ಅಂದುಕೊಂಡೆ. ಅರ್ಧ ದಿನ ಹಾಳಾಯಿತು.

ಅಳೆಯುವಾಗ ಡಾಂಗಲ್, ಜಿಪಿಎಸ್ ಎರಡೂ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ, ಪಿನ್ ಮುಟ್ಟಲು ಅಡ್ಡ ಅಂತ. ಬೋರ್ಡು ಒಂದೇ ಸುಮಾರು ಅರ್ಧ ಆಂಪಿಯರ್ ಎಳೆಯುತ್ತಿತ್ತು. ಹೊರೆ ಇಲ್ಲದೆ ಅಳೆದ ವೋಲ್ಟೇಜ್‌ನಿಂದ ಏನೂ ಗೊತ್ತಾಗುವುದಿಲ್ಲ. ಎಲ್ಲ ಸಿಕ್ಕಿಸಿ, ಸಾಫ್ಟ್‌ವೇರ್ ಪೂರ್ತಿ ಓಡುವಾಗ ಅಳೆಯಬೇಕು.

ಸಂಜೆ ಎಲ್ಲ ಸಿಕ್ಕಿಸಿ ಮತ್ತೆ ಅಳೆದೆ.

ಪವರ್ ಬ್ಯಾಂಕಿನ ಬಾಯಲ್ಲಿ, ಯುಎಸ್‌ಬಿ ಮೀಟರ್ ಪ್ರಕಾರ: 5.09 ವೋಲ್ಟ್, 0.95 ಆಂಪಿಯರ್.
ಬೋರ್ಡಿನ ಹೆಡರ್ ಪಿನ್‌ನಲ್ಲಿ: 4.54 ವೋಲ್ಟ್.
ಮಿನ್ ಮ್ಯಾಕ್ಸ್ ಬಟನ್ ಒತ್ತಿ ಐದು ನಿಮಿಷ ಬಿಟ್ಟಾಗ ಅತಿ ಕಡಿಮೆ: 4.37.

ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತಿತ್ತು. ದಾರಿಯಲ್ಲಿ ಇದ್ದದ್ದು 1.2 ಮೀಟರ್ ಉದ್ದದ ಮಾಮೂಲಿ ಮೊಬೈಲ್ ಚಾರ್ಜಿಂಗ್ ಕೇಬಲ್. ಮೇಲೆ ಬಟ್ಟೆಯ ಹೆಣಿಗೆ, ನೋಡಲು ದಪ್ಪ. ಕತ್ತರಿಸಿ ನೋಡಿದೆ. ಹೆಣಿಗೆ, ರಬ್ಬರ್, ಹಾಳೆ ಎಲ್ಲ ಸುಲಿದ ಮೇಲೆ ಕೆಂಪು ಕಪ್ಪು ತಂತಿ ಕೂದಲಿನಂತಿದ್ದವು. 28 ಗೇಜ್. ಈ ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್. ಕರೆಂಟು ಹೋಗಿ ವಾಪಸ್ ಬರಬೇಕು, ಅಂದರೆ 2.4 ಮೀಟರ್, ಅರ್ಧ ಓಮ್. ಒಂದು ಆಂಪಿಯರಿಗೆ ಅರ್ಧ ವೋಲ್ಟ್. ಲೆಕ್ಕ ಸರಿಯಾಗಿ ಕೂತಿತು. ಉಳಿದ ಚೂರು ಕನೆಕ್ಟರ್ ಮತ್ತು ಬೋರ್ಡಿನ ಫ್ಯೂಸ್‌ನಲ್ಲಿ ಹೋಗುತ್ತದೆ.

ದಿನ 8: ಬೋರ್ಡನ್ನೇ ಕೇಳಿದ್ದು

ಇದು ನನಗೆ ತುಂಬಾ ಉಪಯೋಗಕ್ಕೆ ಬಂದ ಹೆಜ್ಜೆ. ಮೊದಲ ದಿನವೇ ಮಾಡಬೇಕಿತ್ತು.

ಅಷ್ಟು ದಿನ ಲ್ಯಾಪ್‌ಟಾಪ್‌ನಿಂದ ವೈಫೈ ಮೂಲಕ ಪೆಟ್ಟಿಗೆಯೊಳಗೆ ಹೋಗಿ ಲಾಗ್, ಅಂದರೆ ಒಳಗೆ ಏನೇನಾಯಿತು ಅನ್ನುವ ದಾಖಲೆ, ನೋಡುತ್ತಿದ್ದೆ. ವೈಫೈ ಹೋದ ತಕ್ಷಣ ನನ್ನ ಕಿಟಕಿಯೂ ಮುಚ್ಚುತ್ತಿತ್ತು. ಬೋರ್ಡು ರೀಬೂಟ್ ಆದರೆ ಲಾಗ್ ಅಳಿಸಿಹೋಗುತ್ತಿತ್ತು, ಮೆಮೊರಿಯಲ್ಲಿ ಇರುವುದರಿಂದ. ಮುಖ್ಯವಾದ ಕ್ಷಣವೇ ಪ್ರತಿ ಸಲ ತಪ್ಪಿಹೋಗುತ್ತಿತ್ತು.

ಈ ಸಲ ಲ್ಯಾನ್ ಕೇಬಲ್ ಹಾಕಿ ರೌಟರ್ ಮೂಲಕ ಹೋದೆ. ಇನ್ನು ವೈಫೈ ಇರಲಿ ಬಿಡಲಿ, ಬೋರ್ಡು ಜೀವಂತ ಇರುವವರೆಗೆ ನನಗೆ ಕಾಣುತ್ತದೆ. ವೈಫೈ ತೊಂದರೆ, ಪವರ್ ತೊಂದರೆ ಎರಡನ್ನೂ ಬೇರೆ ಮಾಡಿಕೊಟ್ಟಿದ್ದು ಈ ಒಂದು ಕೇಬಲ್.

ಹಳೇ ಕೇಬಲ್‌ನಂಥದೇ ಇನ್ನೊಂದರಲ್ಲಿ ಆನ್ ಮಾಡಿ, ಕರ್ನೆಲ್ ಲಾಗ್ ತೆರೆದಿಟ್ಟೆ. ಎರಡನೇ ನಿಮಿಷಕ್ಕೇ ಅಂಡರ್ ವೋಲ್ಟೇಜ್ ಅಂತ ಸಾಲು ಬಿತ್ತು. ಆಮೇಲೆ ಸಾಲು ಸಾಲಾಗಿ. ವಿಸಿಜೆನ್‌ಸಿಎಂಡಿ ಅನ್ನುವ ಆಜ್ಞೆ ಕೊಟ್ಟು ಥ್ರಾಟಲ್ ಸ್ಥಿತಿ (ಬೋರ್ಡು ತನ್ನ ವೇಗ ಇಳಿಸಿಕೊಂಡಿದೆಯೇ ಅನ್ನುವುದು) ಕೇಳಿದಾಗ 50005 ಬಂತು. ಕೊನೆಯ 5 ಅಂದರೆ ಈಗಲೇ ವೋಲ್ಟೇಜ್ ಕಡಿಮೆ ಇದೆ, ಅದಕ್ಕೆ ವೇಗ ಇಳಿಸಿದೆ. ಮೊದಲ 5 ಅಂದರೆ ಆನ್ ಆದ ಮೇಲೆ ಯಾವಾಗಲೋ ಒಮ್ಮೆ ಹಾಗಾಗಿದೆ. ಬರೀ 0 ಬಂದರೆ ಮಾತ್ರ ನೆಮ್ಮದಿ.

22ನೇ ನಿಮಿಷಕ್ಕೆ ಡಾಂಗಲ್ ಯುಎಸ್‌ಬಿಯಿಂದ ಕಳಚಿದೆ ಅಂತ ಬಂತು, ಕೈ ಮುಟ್ಟದೆಯೇ. 31ಕ್ಕೆ ಬೋರ್ಡೇ ರೀಬೂಟ್ ಆಯಿತು. ಮತ್ತೆ ಎದ್ದು ವೈಫೈ ಹಬ್ಬಿಸಿ, ಜಿಪಿಎಸ್ ಹಿಡಿಯಲು ಒಂದೆರಡು ನಿಮಿಷ. ಮೊದಲ ದಿನ ಗಾಳಿಯಲ್ಲಿ ಕಂಡದ್ದು ಇದನ್ನೇ.

ದಿನ 9: ಕೇಬಲ್ ಬದಲು

30 ಸೆಂಟಿಮೀಟರ್ ಉದ್ದದ, 20 ಗೇಜ್ ತಂತಿಯ ಕೇಬಲ್ ತಂದೆ. ಹೆಡರ್ ಪಿನ್‌ನಲ್ಲಿ 4.97 ವೋಲ್ಟ್. ಮಿನ್ ಮ್ಯಾಕ್ಸ್‌ನಲ್ಲಿ ಅತಿ ಕಡಿಮೆ 4.91. ನಾಲ್ಕು ಗಂಟೆ ಮೇಜಿನ ಮೇಲೆ ಓಡಿಸಿದೆ. ಥ್ರಾಟಲ್ ಸ್ಥಿತಿ 0. ಲಾಗ್‌ನಲ್ಲಿ ಒಂದೇ ಒಂದು ಸಾಲೂ ಇಲ್ಲ.

ಕೇಬಲ್ ಕೊಳ್ಳುವಾಗ ಮೇಲಿನ ದಪ್ಪ ನೋಡಬೇಡಿ. ಗೇಜ್ ಬರೆದಿರುವುದನ್ನೇ ಕೊಳ್ಳಿ, ಸಂಖ್ಯೆ ಕಡಿಮೆ ಇದ್ದಷ್ಟು ತಂತಿ ದಪ್ಪ. ಮತ್ತು ಉದ್ದ ಎಷ್ಟು ಬೇಕೋ ಅಷ್ಟೇ.

ದಿನ 10: ಗೆಲುವು ಅಂದುಕೊಂಡ ದಿನ

ವಿಮಾನದಲ್ಲಿ ಇಟ್ಟು ನೆಲದ ಮೇಲೇ ಇಂಜಿನ್ ಓಡಿಸಿ ನೋಡಿದೆವು. 20 ನಿಮಿಷ ಚೆನ್ನಾಗಿತ್ತು. ಟ್ಯಾಬ್ಲೆಟ್ ಚಾರ್ಜ್ ಕಡಿಮೆ ಇದೆ ಅಂತ ಗೆಳೆಯ ಅದನ್ನೂ ಅದೇ ಪವರ್ ಬ್ಯಾಂಕಿನ ಎರಡನೇ ಬಾಯಿಗೆ ಸಿಕ್ಕಿಸಿದ. ಪೆಟ್ಟಿಗೆ ಪಟ್ ಅಂತ ಆಫ್ ಆಗಿ ಆನ್ ಆಯಿತು.

ಮನೆಗೆ ಬಂದು ಹತ್ತು ಸಲ ಹಾಗೇ ಮಾಡಿ ನೋಡಿದೆ. ಹತ್ತಕ್ಕೆ ಹತ್ತು ಸಲವೂ ಅದೇ. ಎರಡನೇ ಸಾಧನ ಸಿಕ್ಕಿಸಿದ ಕ್ಷಣ ಪವರ್ ಬ್ಯಾಂಕ್ ಎರಡೂ ಬಾಯಿಗಳ ಕರೆಂಟನ್ನು ಒಮ್ಮೆ ಕಟ್ ಮಾಡಿ, ಯಾರಿಗೆ ಎಷ್ಟು ಅಂತ ಹೊಸದಾಗಿ ನಿರ್ಧರಿಸುತ್ತದೆ. ವೇಗದ ಚಾರ್ಜಿಂಗ್ ಇರುವ ಎಷ್ಟೋ ಬ್ಯಾಂಕ್‌ಗಳ ಸ್ವಭಾವವೇ ಇದು. ಮೊಬೈಲಿಗೆ ಅರ್ಧ ಸೆಕೆಂಡು ಲೆಕ್ಕಕ್ಕಿಲ್ಲ, ಅದಕ್ಕೆ ತನ್ನದೇ ಬ್ಯಾಟರಿ ಇದೆ. ಪೈ ಬೋರ್ಡಿಗೆ ಇಲ್ಲ.

ಪರಿಹಾರ ಸರಳ. ಪೆಟ್ಟಿಗೆಗೆ ಒಂದು ಬ್ಯಾಂಕ್, ಟ್ಯಾಬ್ಲೆಟ್‌ಗೆ ಇನ್ನೊಂದು. ಪೆಟ್ಟಿಗೆಯ ಬ್ಯಾಂಕಿನ ಎರಡನೇ ಬಾಯಿಗೆ ಟೇಪ್ ಅಂಟಿಸಿದೆ, ಅಭ್ಯಾಸಬಲದಿಂದ ಯಾರೂ ಸಿಕ್ಕಿಸಬಾರದು.

ವಿಮಾನದ 12 ವೋಲ್ಟ್ ಸಾಕೆಟ್‌ನಿಂದ ಕೊಡಬಹುದಲ್ಲ ಅಂತ ಒಂದು ಅಡಾಪ್ಟರ್ ಹಾಕಿಯೂ ನೋಡಿದೆವು. ಪೆಟ್ಟಿಗೆ ಚೆನ್ನಾಗಿ ಓಡಿತು. ರೇಡಿಯೊದಲ್ಲಿ ಸುಯ್ ಅಂತ ಸದ್ದು ಶುರುವಾಯಿತು. ವಿಮಾನದವರು ಮಾತಾಡುವ ರೇಡಿಯೊ ಇರುವುದು 118ರಿಂದ 137 ಮೆಗಾಹರ್ಟ್ಜ್‌ನಲ್ಲಿ. ಅಡಾಪ್ಟರ್‌ನ ಒಳಗಿನ ಸ್ವಿಚಿಂಗ್ ಗದ್ದಲ ಅಲ್ಲಿಗೇ ಹೋಗಿ ಬೀಳುತ್ತಿತ್ತು. ಕೇಳುವ ಕಿವಿಗೆ ಅಡ್ಡ ಬರುವ ಯಾವ ಸಾಮಾನೂ ಕಾಕ್‌ಪಿಟ್‌ನಲ್ಲಿ ಬೇಡ. ಆ ನಿಮಿಷಕ್ಕೇ ಕಿತ್ತೆವು.

ದಿನ 13: ಕರೆಂಟು ಸರಿ, ಆದರೂ ಖಾಲಿ ನಕ್ಷೆ

ಹಾರಿದೆವು. 40 ನಿಮಿಷಕ್ಕೆ ಮತ್ತೆ ನಕ್ಷೆ ಖಾಲಿ. ತುಂಬಾ ಬೇಜಾರಾಯಿತು. ಆದರೆ ಈ ಸಲ ನೋಡುವುದು ಗೊತ್ತಿತ್ತು. ಮುಚ್ಚಳದಲ್ಲಿ ಕೆಂಪು ದೀಪದ ಮೇಲೆ 4 ಮಿಲಿಮೀಟರ್ ತೂತು ಕೊರೆದಿದ್ದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ನನ್ನ ಫೋನಿನಲ್ಲಿ ಪೆಟ್ಟಿಗೆಯ ವೈಫೈ ಹೆಸರು ಕಾಣುತ್ತಿತ್ತು. ಸೇರಿಕೊಂಡು ಬ್ರೌಸರಿನಲ್ಲಿ 192.168.10.1 ತೆರೆದೆ. ಸ್ಟ್ರಾಟಕ್ಸ್ ಪುಟ ಬಂತು, ವಿಮಾನಗಳ ಪಟ್ಟಿಯೂ ಇತ್ತು. ಪೆಟ್ಟಿಗೆ ಹುಷಾರಾಗಿದೆ. ಬಿಟ್ಟುಹೋಗಿದ್ದು ಟ್ಯಾಬ್ಲೆಟ್.

ಟ್ಯಾಬ್ಲೆಟ್‌ನಲ್ಲಿ ಸಿಮ್ ಇದೆ. ಸ್ಟ್ರಾಟಕ್ಸ್ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ. ಇಂಟರ್‌ನೆಟ್ ಇಲ್ಲದ ವೈಫೈ ಕಂಡರೆ ಟ್ಯಾಬ್ಲೆಟ್ ತಾನಾಗಿಯೇ ಮೊಬೈಲ್ ಡೇಟಾ ಕಡೆ ವಾಲುತ್ತದೆ. ಅದರ ಲೆಕ್ಕದಲ್ಲಿ ಅದು ಮಾಡಿದ್ದು ಸರಿ. ಆ ಸೆಟಿಂಗ್ ಆಫ್ ಮಾಡಿದೆ. ಹ್ಯಾಂಗರ್‌ನ ವೈಫೈಗೆ ತಾನಾಗಿ ಸೇರುವುದನ್ನೂ ತೆಗೆದೆ, ಇಂಜಿನ್ ಶುರು ಮಾಡುವಾಗ ಅದು ಅಲ್ಲಿಗೂ ಜಿಗಿಯುತ್ತಿತ್ತು. ಈಗ ನಮ್ಮ ಪದ್ಧತಿ ಹೀಗೆ: ಮೊದಲು ಏರ್‌ಪ್ಲೇನ್ ಮೋಡ್, ಆಮೇಲೆ ವೈಫೈ ಒಂದನ್ನು ಮಾತ್ರ ಆನ್.

ದಿನ 14: ನಾನೇ ಮಾಡಿಕೊಂಡ ತೊಂದರೆ

ಇನ್ನೂ ಗಟ್ಟಿ ಆಗಲಿ ಅಂತ ಟ್ಯಾಬ್ಲೆಟ್‌ಗೆ ಒಂದು ಖಾಯಂ ಐಪಿ ವಿಳಾಸ ಕೊಟ್ಟೆ. ವೈಫೈ ಸೇರಿತು. ಸ್ಟ್ರಾಟಕ್ಸ್ ಪುಟ ತೆರೆಯಿತು. ನಕ್ಷೆಯಲ್ಲಿ ಮಾತ್ರ ಒಂದು ವಿಮಾನವೂ ಇಲ್ಲ, ಜಿಪಿಎಸ್ ಕೂಡ ಇಲ್ಲ. ಎರಡು ಗಂಟೆ ತಲೆ ಕೆಡಿಸಿಕೊಂಡೆ.

ಸ್ಟ್ರಾಟಕ್ಸ್ ಮಾಹಿತಿಯನ್ನು ಜಿಡಿಎಲ್90 ಅನ್ನುವ ರೂಪದಲ್ಲಿ, ತಲುಪಿತೇ ಅಂತ ಕೇಳದೆ ಕಳಿಸುವ ಯುಡಿಪಿ ವಿಧಾನದಲ್ಲಿ, 4000 ಪೋರ್ಟಿಗೆ ಕಳಿಸುತ್ತದೆ. ಎಲ್ಲರಿಗೂ ಕೂಗಿ ಹೇಳುವುದಿಲ್ಲ. ತಾನು ಯಾರಿಗೆ ವಿಳಾಸ ಹಂಚಿದೆಯೋ ಆ ಪಟ್ಟಿ ನೋಡಿ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಳಿಸುತ್ತದೆ. ನಾನೇ ವಿಳಾಸ ಬರೆದುಕೊಂಡಿದ್ದರಿಂದ ನನ್ನ ಟ್ಯಾಬ್ಲೆಟ್ ಆ ಪಟ್ಟಿಯಲ್ಲೇ ಇರಲಿಲ್ಲ. ಯುಡಿಪಿ ಆದ್ದರಿಂದ ಯಾವ ಕಡೆಯೂ ದೋಷದ ಸಂದೇಶ ಬರುವುದಿಲ್ಲ, ಬರೀ ಮೌನ. ಖಾಯಂ ವಿಳಾಸವೇ ಬೇಕು ಅಂದರೆ ಸ್ಟ್ರಾಟಕ್ಸ್ ಸೆಟಿಂಗ್‌ನಲ್ಲಿ ಅದನ್ನು ಸೇರಿಸಬಹುದು. ನಾನು ತೆಗೆದುಹಾಕಿ ಮೊದಲಿನಂತೆ ಮಾಡಿದೆ. ಕೆಲಸ ಮಾಡುತ್ತಿದ್ದದ್ದನ್ನು ಮುಟ್ಟಿದ್ದೇ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಅದೇ ಸಂಜೆ ಇನ್ನೂ ಎರಡು ಸೆಟಿಂಗ್ ಬದಲಿಸಿದ್ದೆ. ಯಾವುದರಿಂದ ಹೀಗಾಯಿತು ಅಂತ ಹುಡುಕಲು ಆ ಎರಡು ಗಂಟೆ ಹಿಡಿದಿದ್ದು.

ದಿನ 16: ಆಂಟೆನಾ ಮೇಲೆ ಪವರ್ ಬ್ಯಾಂಕ್

ನಕ್ಷೆ ಈಗ ನಿಲ್ಲುತ್ತಿತ್ತು, ಆದರೆ ಟ್ಯಾಬ್ಲೆಟ್ ತೊಡೆಯ ಮೇಲಿಟ್ಟಾಗ ಆಗಾಗ ತಡವರಿಸುತ್ತಿತ್ತು. ಬೋರ್ಡಿನ ವೈಫೈ ಮಾಹಿತಿಯಲ್ಲಿ ಟ್ಯಾಬ್ಲೆಟ್‌ನ ಸಿಗ್ನಲ್ ನೋಡಿದೆ: ಒಂದು ಮೀಟರ್ ದೂರದಲ್ಲಿ ಮೈನಸ್ 68 ಡಿಬಿಎಂ. ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. ಇಷ್ಟು ಹತ್ತಿರದಲ್ಲಿ ಇದು ತೀರಾ ಕಡಿಮೆ.

3ಬಿ ಬೋರ್ಡಿನ ವೈಫೈ ಆಂಟೆನಾ ಅಕ್ಕಿಕಾಳಿನಷ್ಟಿರುವ ಒಂದು ಬಿಳಿ ತುಂಡು. ಎಸ್‌ಡಿ ಕಾರ್ಡ್ ಇರುವ ಬದಿಯ ಮೂಲೆಯಲ್ಲಿ ಕೂತಿದೆ. ನಾನು ಪವರ್ ಬ್ಯಾಂಕನ್ನು ವೆಲ್ಕ್ರೋ ಹಾಕಿ ಸರಿಯಾಗಿ ಅದರ ಮೇಲೇ ಅಂಟಿಸಿದ್ದೆ. ಬ್ಯಾಂಕಿನ ಕವಚ ಅಲ್ಯೂಮಿನಿಯಂ. ತೆಗೆದು ಪಕ್ಕಕ್ಕಿಟ್ಟೆ. ಮೈನಸ್ 43. ಬೇರೇನೂ ಮುಟ್ಟಲಿಲ್ಲ, ಮತ್ತೆ ಮೇಲಿಟ್ಟೆ, ಮೈನಸ್ 67. ಬ್ಯಾಂಕನ್ನು ಯುಎಸ್‌ಬಿ ಬಾಯಿಗಳ ಕಡೆಗೆ, ಪೆಟ್ಟಿಗೆಯ ಹೊರಗೆ ಸರಿಸಿ ಕಟ್ಟಿದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಬೋರ್ಡಿನ ಬಿಸಿ ಲಿಥಿಯಂ ಬ್ಯಾಟರಿಗೆ ತಾಗುವುದು ತಪ್ಪಿತು. ಗಾಜಿನ ಕೆಳಗಿನ ಬಿಸಿಲಿಗೂ ಬ್ಯಾಂಕ್ ಬೀಳದ ಹಾಗೆ ನೋಡಿಕೊಂಡೆ.

ದಿನ 20: ಹಾರಾಟ

1 ಗಂಟೆ 50 ನಿಮಿಷ. ನಕ್ಷೆ ಒಂದು ಸಲವೂ ಖಾಲಿಯಾಗಲಿಲ್ಲ. ಇಳಿದು ಆಫ್ ಮಾಡುವ ಮುಂಚೆಯೇ ಥ್ರಾಟಲ್ ಸ್ಥಿತಿ ಕೇಳಿದೆ: 0. ಬೋರ್ಡಿನ ಶಾಖ 64 ಡಿಗ್ರಿ. ಮನೆಯಲ್ಲಿ ಬ್ಯಾಂಕ್ ಪೂರ್ತಿ ತುಂಬಿಸಿ ಬರಿದಾಗುವವರೆಗೆ ಓಡಿಸಿದಾಗ 6 ಗಂಟೆ 10 ನಿಮಿಷ ಬಂತು. 10,000 ಎಂಎಎಚ್ ಅಂದರೆ ಸುಮಾರು 37 ವಾಟ್ ಅವರ್, ಅದನ್ನು 5 ವೋಲ್ಟ್‌ಗೆ ಏರಿಸುವಾಗ ಸ್ವಲ್ಪ ಹೋಗುತ್ತದೆ. 4.8 ವಾಟ್ ಹೊರೆಗೆ ಇದು ಸರಿಯಾದ ಲೆಕ್ಕವೇ.

ಖರ್ಚು ಮಾಡಿ ಉಪಯೋಗಕ್ಕೆ ಬಂದದ್ದು: ಗಿಡ್ಡ ಕೇಬಲ್, ಎರಡನೇ ಪವರ್ ಬ್ಯಾಂಕ್. ಬರದೆ ಹೋದದ್ದು: ಎಸ್‌ಡಿ ಕಾರ್ಡ್, ವೈಫೈ ಡಾಂಗಲ್, 12 ವೋಲ್ಟ್ ಅಡಾಪ್ಟರ್.

ಬಾಕಿ ಇರುವ ಕೆಲಸ

ಬೋರ್ಡಿನ ಮೈಕ್ರೋ ಯುಎಸ್‌ಬಿ ಬಾಯಿ ಸ್ವಲ್ಪ ಸಡಿಲ ಆಗಿದೆ. ಇಷ್ಟು ದಿನ ಚುಚ್ಚಿ ಕಿತ್ತು ಮಾಡಿದ್ದರ ಫಲ. ಕೇಬಲ್ ಅಲುಗಾಡಿಸಿದರೆ 4.97 ಇದ್ದದ್ದು 4.85ಕ್ಕೆ ಇಳಿಯುತ್ತದೆ. ಹೆಡರ್ ಪಿನ್‌ಗೆ ನೇರವಾಗಿ 5 ವೋಲ್ಟ್ ಕೊಟ್ಟುಬಿಡು ಅಂದ ಗೆಳೆಯ. ಹಾಗೆ ಕೊಟ್ಟರೆ ಬೋರ್ಡಿನ ಫ್ಯೂಸ್ ತಪ್ಪಿಹೋಗುತ್ತದೆ, ವಿಮಾನದೊಳಗೆ ಅದು ಬೇಡ ಅನ್ನಿಸಿತು. ಸದ್ಯಕ್ಕೆ ಕೇಬಲ್‌ನ ಕುತ್ತಿಗೆಯನ್ನು ಪೆಟ್ಟಿಗೆಗೆ ಜಿಪ್ ಟೈ ಹಾಕಿ ಬಿಗಿದಿದ್ದೇನೆ. ಅಲುಗಾಡಿಸಿದರೂ 4.95ರಲ್ಲಿ ನಿಂತಿದೆ. ಮುಂದಿನ ವಾರ ಬಾಯಿಯನ್ನೇ ಬಿಚ್ಚಿ ಹೊಸದು ಬೆಸುಗೆ ಹಾಕುವ ಯೋಚನೆ ಇದೆ.